ಕೊಳಾಲದ ಕಹಿ ಹಣ್ಣು

ಜನವರಿ 8, ಬುಧವಾರ

ಈ ಡೈರಿ ಗೊಬ್ಬರದ ಅಂಗಡಿಯವರು ನಮ್ಮ ಯಜಮಾನರಿಗೆ ಬಿಟ್ಟಿ ಕೊಟ್ಟಿದ್ದು. ಪುಟಕ್ಕೊಂದು ಕೀಟನಾಶಕದ ಹೆಸರು ಅಚ್ಚು ಹಾಕಿಸಿದ್ದಾರೆ. ಬಾಳಿನ ಕಥೆ ಬರೆಯುವ ಹುಚ್ಚು ನನಗಿಲ್ಲ. ತುಮಕೂರಿನ ಮೂಗಿನ ಡಾಕ್ಟರು ದಿನಾ ಬರೆದಿಡಿ ಅಂದರು, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ತಿಂಗಳು ಬಂದ ಜ್ವರ ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕಟ್ಟಿಕೊಂಡು ಹೋಯಿತು. ಉಸಿರಾಟಕ್ಕೆ ಅಡ್ಡಿಯಿಲ್ಲ, ವಾಸನೆ ಮಾತ್ರ ಸೊನ್ನೆ. ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ಇದೆ ಅನ್ನುವಷ್ಟು ಗೊತ್ತಾಗುತ್ತವೆ, ಹದ ತಿಳಿಯದು. ಆದರೆ ತುಪ್ಪ ಬಾಯಿಗೆ ಹಾಕಿಕೊಂಡರೆ ಬರೀ ಜಿಡ್ಡು. ಇಂಗು ಯಾವುದು, ಸುಣ್ಣದ ಪುಡಿ ಯಾವುದು ಅಂತ ಕಣ್ಣಿನಿಂದ ನೋಡಿ ತಿಳಿಯಬೇಕು.

ತಂಗಿಯ ಮನೆಗೆ ಹೋಗುತ್ತೇನೆ ಅಂತ ಮನೆಯಲ್ಲಿ ಸುಳ್ಳು ಹೇಳಿ ತುಮಕೂರಿಗೆ ಹೋಗಿದ್ದೆ. ಡಾಕ್ಟರು ನೋಡಿ, "ಜ್ವರ ಮೂಗಿನ ನರಕ್ಕೆ ಪೆಟ್ಟು ಕೊಟ್ಟಿದೆ ತಾಯಿ. ವಾಪಸ್ ಬರೋಕೆ ತಿಂಗಳುಗಳೇ ಹಿಡೀಬಹುದು. ಬರದೇನೂ ಇರಬಹುದು" ಅಂದರು. ನಿಂಬೆ, ಲವಂಗ, ಗುಲಾಬಿ, ನೀಲಗಿರಿ ಎಣ್ಣೆ, ಈ ನಾಲ್ಕನ್ನೂ ಬೆಳಿಗ್ಗೆ ಸಂಜೆ ಮೂಸಬೇಕಂತೆ. ಏನಾದರೂ ಗೊತ್ತಾಯಿತೇ ಅಂತ ಬರೆಯಬೇಕಂತೆ. ಮೂಗಿಗೂ ಒಂದನೇ ಕ್ಲಾಸಿನ ಪಾಠ.

ಬೇರೆ ಹೆಂಗಸಾಗಿದ್ದರೆ ಹೋದರೆ ಹೋಗಲಿ ಅನ್ನಬಹುದಿತ್ತು. ನಾನು ಕೋರ್ಟಿನ ಹತ್ತಿರದ ಮೆಸ್ಸಿನ ಕರಿಬಸಮ್ಮ. ಮಧುಗಿರಿಯಲ್ಲಿ ಮುದ್ದೆ ಸಾರು ಅಂದರೆ ನನ್ನ ಹೆಸರು ಹೇಳುತ್ತಾರೆ. ನಮ್ಮತ್ತೆ ಕಲಿಸಿದ ನಿಯಮ ಒಂದೇ: ದೇವರ ಗೂಡಿಗೆ ಎಡೆ ಇಡುವ ಮೊದಲು ಅಡುಗೆಯನ್ನು ನಾಲಿಗೆಗೆ ತಾಕಿಸಬಾರದು, ತಾಕಿಸಿದರೆ ಎಂಜಲು. ಕುದಿಯುವ ಸಾರಿನ ಹಬೆಯಲ್ಲೇ ಉಪ್ಪು ಎಷ್ಟಿದೆ ಅಂತ ತಿಳಿಯಬೇಕು. ಮದುವೆಯಾಗಿ ಬಂದ ದಿನದಿಂದ ನಾನು ಒಂದು ಹನಿ ಚಪ್ಪರಿಸಿ ನೋಡಿದವಳಲ್ಲ. ಮೂಗೇ ನನ್ನ ನಾಲಿಗೆ.

ಈ ವಿಷಯ ಯಾರಿಗೂ ತಿಳಿಯಬಾರದು. ತಿಳಿದರೆ ನನ್ನ ಒಲೆ ಅವಳ ಕೈಗೆ ಹೋಗುತ್ತದೆ.

ಅವಳು ಅಂದರೆ ಪಾವಗಡದವಳು, ನನ್ನ ಸೊಸೆ. ಮಗ ಪರಮೇಶ ಪಾವಗಡದ ರೂಟಿನ ಬಸ್ಸಿಗೆ ಕಂಡಕ್ಟರು. ದಿನಾ ಕಾಲೇಜಿಗೆ ಬರುತ್ತಿದ್ದ ಹುಡುಗಿಗೆ ಟಿಕೆಟ್ ಹರಿದು ಹರಿದು ಕೊನೆಗೆ ತಾಳಿಯನ್ನೇ ಕಟ್ಟಿದ. ನಮ್ಮವರಲ್ಲ. ಮಾತಿಗೊಂದು ಸಲ, ಅಲ್ಲವೇ ಅನ್ನುವ ಕಡೆ, ತೆಲುಗಿನ "ಕದಾ" ಅನ್ನುತ್ತಾಳೆ. ಬಾಯಿತುಂಬ ಅತ್ತೆ ಅನ್ನು ಅಂದರೆ "ಅತ್ತಮ್ಮ" ಅನ್ನುತ್ತಾಳೆ. ಓದಿದವಳು, ಲೆಕ್ಕ ಚೆನ್ನಾಗಿ ಬರುತ್ತದೆ ಅಂತ ಹೊಗಳಿ ಕೌಂಟರಿನಲ್ಲಿ ಕೂರಿಸಿದ್ದೇನೆ. ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟಿಲ್ಲ.

ನಿಂಬೆ: ಇಲ್ಲ. ಲವಂಗ: ಇಲ್ಲ. ಗುಲಾಬಿ: ಇಲ್ಲ. ನೀಲಗಿರಿ: ಇಲ್ಲ.

ಜನವರಿ 11, ಶನಿವಾರ

ನಾಲ್ಕೂ ಇಲ್ಲ. ಯಜಮಾನರು ಬಂದು, "ಲೇ, ಏನೇ ಇದು, ಲವಂಗ ಇಟ್ಕಂಡು ಜಪ ಮಾಡ್ತಾ ಕುಂತಿದೀಯ?" ಅಂದರು. ಹಲ್ಲುನೋವು ಅಂದೆ.

ಜನವರಿ 15, ಬುಧವಾರ

ನಿನ್ನೆ ಸಂಕ್ರಾಂತಿ. ಎಳ್ಳು ಹದವಾಗಿ ಹುರಿದಿದೆಯೇ ಅಂತ ಬಣ್ಣ ನೋಡಿ ಇಳಿಸಿದೆ. ಹಾಲು ಉಕ್ಕಿ ಸೀದಿತ್ತು, ಒರೆಸುವಾಗ ಕಪ್ಪು ಕಂಡಾಗಲೇ ತಿಳಿದದ್ದು. ಸದ್ಯ ಯಾರೂ ಏನೂ ಅನ್ನಲಿಲ್ಲ.

ಇವತ್ತು ಮೈದುನ ಬಸವಲಿಂಗಯ್ಯ ಕೊಳಾಲದ ತನ್ನ ತೋಟದಿಂದ ಒಂದು ಚೀಲ ಹಣ್ಣು ಹೊತ್ತು ತಂದ. ನಡುಮನೆಯಲ್ಲಿ ಸುರಿದ. ಮೂಸಂಬಿಗಿಂತ ದೊಡ್ಡದು, ಚಕ್ಕೋತಕ್ಕಿಂತ ಚಿಕ್ಕದು. ಹಳದಿ ಸಿಪ್ಪೆಯ ಮೇಲೆ ಕೆನ್ನೆಗೆ ಕುಂಕುಮ ತಾಕಿದಂತೆ ಕೆಂಪು.

"ಗ್ರೇಪ್‌ಫ್ರೂಟು ಅಂತಾರೆ ಅತ್ತಿಗೆ. ನಾಕು ವರ್ಸ ಮಕ್ಳಂಗೆ ಸಾಕಿದೀನಿ ಗಿಡಾನ. ಕೊರಟಗೆರೆ ಸಂತೇಲಿ ಇಟ್ರೆ, ತಿಂದೋರು ಮೂಸಂಬಿ ಕೆಟ್ಟೋಗೈತೆ ಅಂತ ನನ್ ಮುಂದೇನೇ ಉಗುದ್ಬುಟ್ರು" ಅಂದ. ನಗುತ್ತಲೇ ಹೇಳಿದ, ಮುಖ ಮಾತ್ರ ನಗುತ್ತಿರಲಿಲ್ಲ.

ಅವನದೊಂದು ಯೋಜನೆ. ಮಾರ್ಚಿ ಒಂಬತ್ತರ ಭಾನುವಾರ ತೋಟದ ಬಸವಣ್ಣನಿಗೆ ಹೊಸ ಫಲದ ಪೂಜೆ, ಆಮೇಲೆ ಊಟ. ತುಮಕೂರಿನಲ್ಲಿ ಹೋಟೆಲು ನಡೆಸುವ ರಂಗರಾಜು ಅವರನ್ನು ಕರೆಯುತ್ತಾನಂತೆ. ಊಟವೆಲ್ಲ ಈ ಹಣ್ಣಿನದೇ ಆಗಬೇಕು, ಮಾಡುವವಳು ನಾನೇ ಆಗಬೇಕು.

"ಅವ್ರು ಉಂಡು ಒಪ್ಪಿದ್ರೆ ಗಿಡ ಉಳೀತವೆ. ಇಲ್ದಿದ್ರೆ ಕಿತ್ತಾಕಿ ದಾಳಿಂಬೆ ಇಕ್ತೀನಿ. ಈ ಸೀಮೇಲಿ ನಿಮ್ಮಂಥ ಮೂಗು ಇನ್ಯಾರಿಗೈತೆ, ಹೇಳಿ?"

ಆಗ ನಿಜ ಹೇಳಬಹುದಿತ್ತು. ಆದರೆ ಕೌಂಟರಿನಿಂದ ಅವಳು ಇತ್ತಲೇ ನೋಡುತ್ತಿದ್ದಳು. "ಅದೇನು ಮಹಾ, ಮಾಡಿಕೊಡ್ತೀನಿ ಬಿಡು" ಅಂದುಬಿಟ್ಟೆ.

ಅವನು ಹೋದ ಮೇಲೆ ಒಂದು ಹಣ್ಣಿನ ಸಿಪ್ಪೆಗೆ ಉಗುರು ಹಾಕಿದೆ. ಎಣ್ಣೆ ಚಿಮ್ಮಿ ಮೂಗಿನೊಳಗೆ ಚುರ್ ಅಂತು. ಕಣ್ಣಲ್ಲಿ ನೀರು ಬಂತು. ಬಂತು ಬಂತು ಅಂತ ಕುಣಿದೆ. ಡಾಕ್ಟರಿಗೆ ಫೋನು ಮಾಡಿದರೆ, "ಅದು ಉರಿ ತಾಯಿ, ವಾಸನೆಯಲ್ಲ. ಉರಿ ಹೇಳೋ ನರ ಬೇರೆ" ಅಂದರು. ಇರಲಿ. ಇಷ್ಟು ದಿನದಲ್ಲಿ ನನ್ನ ಮೂಗನ್ನು ಮಾತಾಡಿಸಿದ್ದು ಈ ಹಣ್ಣು ಒಂದೇ.

ಜನವರಿ 17, ಶುಕ್ರವಾರ

ಎಡೆ ಇಟ್ಟು ಹಣ್ಣು ತಿಂದೆ. ಎಂಥಾ ಹಣ್ಣು! ಮೊದಲು ಹುಳಿ, ಹಿಂದೆಯೇ ಸಿಹಿ, ಇನ್ನೇನು ಮುಗಿಯಿತು ಅನ್ನುವಾಗ ನಾಲಿಗೆಯ ಬುಡದಲ್ಲಿ ಕಹಿ ಬಂದು ಕೂರುತ್ತದೆ. ತೊಳೆ ಹವಳದ ಬಣ್ಣ. ತಿಂಗಳಿಂದ ಅನ್ನ, ಮುದ್ದೆ, ಹೋಳಿಗೆ ಎಲ್ಲ ಒಂದೇ ಮಣ್ಣಾಗಿದ್ದ ಬಾಯಿಗೆ ಇದು ಬೇರೆ ಅಂತ ಗೊತ್ತಾಯಿತು. ಆ ತೋಟಕ್ಕೇ ಕೈಮುಗಿಯಬೇಕು ಅನ್ನಿಸಿತು.

ಹಿತ್ತಲಲ್ಲಿ ನಮ್ಮತ್ತೆ ನೆಟ್ಟ ಚಕ್ಕೋತದ ಮರವಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವಂತೆ ಅದರ ಹಣ್ಣನ್ನು ಹುಡುಗರು ಚೆಂಡಾಡುತ್ತಾರೆ. ಇವತ್ತು ತಿಳಿಯಿತು, ಈ ಹಣ್ಣಿಗೆ ಚಕ್ಕೋತವೇ ತಾಯಿಯಂತೆ. ಪಾವಗಡದವಳು ಫೋನಿನಲ್ಲಿ ಓದಿ ಮಾವನಿಗೆ ಹೇಳುತ್ತಿದ್ದಳು. ನಾನು ಅಕ್ಕಿ ಆರಿಸುತ್ತ ಕೇಳಿಸಿಕೊಂಡೆ. ಕಿವಿಗೇನು ಬೀಗ ಹಾಕಲಾಗುತ್ತದೆಯೇ.

ಚಕ್ಕೋತದ ಬೀಜ ನಮ್ಮ ಪೂರ್ವದ ಕಡೆಯಿಂದ ಹಡಗು ಹತ್ತಿ ಬಾರ್ಬಡೋಸ್ ಅನ್ನುವ ದ್ವೀಪಕ್ಕೆ ಹೋಯಿತಂತೆ. ಅಲ್ಲಿ ಕಿತ್ತಳೆ ಜಾತಿಯದೊಂದು ಸಿಹಿ ಗಿಡ ಪಕ್ಕದಲ್ಲಿತ್ತಂತೆ. ಯಾರೂ ಕೂಡಿಸಲಿಲ್ಲ, ಗಾಳಿಯೋ ಜೇನೋ ನಡುವೆ ಓಡಾಡಿ ಈ ಹಣ್ಣು ಹುಟ್ಟಿತು. ಮುನ್ನೂರು ವರ್ಷವೂ ಆಗಿಲ್ಲವಂತೆ. ದ್ರಾಕ್ಷಿಯ ಹಾಗೆ ಗೊಂಚಲು ಗೊಂಚಲಾಗಿ ಬಿಡುವುದಕ್ಕೆ ಇಂಗ್ಲಿಷಿನಲ್ಲಿ ದ್ರಾಕ್ಷಿಯ ಹೆಸರಿಟ್ಟರು. ಮೊದಲು ಇದನ್ನು ಮುಟ್ಟಬಾರದ ಹಣ್ಣು ಅಂತ ಕರೆಯುತ್ತಿದ್ದರಂತೆ. ತಿರುಳು ಬಿಳಿಯೇ ಇತ್ತು. ಅಮೆರಿಕಾದಲ್ಲಿ ಯಾವುದೋ ಮರದ ಒಂದೇ ಒಂದು ಕೊಂಬೆ ತಾನಾಗಿ ಕೆಂಪು ಹಣ್ಣು ಬಿಟ್ಟಿತು, ಈ ಬಣ್ಣದವೆಲ್ಲ ಅಂಥ ಕೊಂಬೆಗಳ ಸಂತಾನ.

ಜಾತಕ ನೋಡಲಿಲ್ಲ, ಕುಲಗೋತ್ರ ಕೇಳಲಿಲ್ಲ, ಎಂಥಾ ಹಣ್ಣು ಹುಟ್ಟಿತು ನೋಡಿ! ಸೃಷ್ಟಿಯೇ ದೊಡ್ಡದು.

ನಾಲ್ಕೂ ಇಲ್ಲ. ಈ ಹಣ್ಣನ್ನು ಐದನೆಯದಾಗಿ ಸೇರಿಸಿದ್ದೇನೆ. ಅದೂ ಇಲ್ಲ, ಉರಿ ಮಾತ್ರ.

ಜನವರಿ 23, ಗುರುವಾರ

ಇವತ್ತು ಬಸ್ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನದಲ್ಲೇ ಎಡೆ ಇಟ್ಟೆ. ದಿನಾ ಬರುವ ವಕೀಲರು ಚಂದ್ರಶೇಖರಯ್ಯ ಉಂಡೆದ್ದು, "ಕರಿಬಸಮ್ಮೋರೇ, ಇವತ್ತಿನ ಸಾರು ಕೈ ತೊಳ್ಯೋಕೂ ಮನ್ಸು ಬರಲ್ಲ ಕಣ್ರಿ" ಅಂದರು. ಮೂಗು ಹೋದರೂ ಕೈ ಹೋಗಿಲ್ಲ. ಅತ್ತೆ ಕಲಿಸಿದ ಕೈಯಳತೆ ಸುಳ್ಳಾಗುವುದಿಲ್ಲ. ಸಮಾಧಾನವಾಯಿತು.

ಜನವರಿ 30, ಗುರುವಾರ

ಯಜಮಾನರಿಗೆ ಹಣ್ಣಿನ ರುಚಿ ಹತ್ತಿಬಿಟ್ಟಿದೆ. ಸಕ್ಕರೆ ಉದುರಿಸಿಕೊಂಡು ಬೆಳಿಗ್ಗೆ ಎರಡು ಹೋಳು, ಸಂಜೆ ಎರಡು. "ವಿಟಮಿನ್ ಸಿ ಐತೆ, ನಾರೈತೆ, ಹೃದಯಕ್ಕೆ ಬಲು ಒಳ್ಳೇದಂತೆ ಕಣೇ" ಅಂತ ನನಗೇ ಪಾಠ. ನಾಲ್ಕು ದಿನದಿಂದ ತೊಡೆ ನೋವು, ಮೈ ಕೈ ಸೆಳೆತ ಅನ್ನುತ್ತಿದ್ದರು. ವಯಸ್ಸು ಅಂದುಕೊಂಡೆ.

ಪಾವಗಡದವಳು ಅವರು ರಕ್ತದ ಕೊಬ್ಬಿಗೆ ದಿನಾ ನುಂಗುವ ಮಾತ್ರೆಯ ಚೀಟಿ ಹಿಡಿದುಕೊಂಡು ಅವರನ್ನು ಇಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಹಣ್ಣು ಏನು ತಿನ್ನುತ್ತೀರಿ ಅಂತಂತೆ. ಇವರ ಮಾತ್ರೆಯನ್ನು ಒಡೆದು ಹದಕ್ಕೆ ತರುವ ಕೆಲಸಗಾರ ಕರುಳಿನಲ್ಲಿದ್ದಾನಂತೆ. ಈ ಹಣ್ಣು ಅವನಿಗೆ ರಜೆ ಕೊಟ್ಟು ಕಳಿಸುತ್ತದೆ, ಮಾತ್ರೆ ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಉಳಿಯುತ್ತದೆ. ಬಿಪಿಯ ಕೆಲವು ಮಾತ್ರೆಗಳಿಗೂ ಹಾಗೇ. ಚಕ್ಕೋತವೂ ಬೇಡ ಅಂದರಂತೆ. ತಾಯಿಯ ಗುಣ ಮಗಳಿಗೆ.

ಹಣ್ಣಿನ ಮೇಲೆ ಕೋಪ ಬರಲಿಲ್ಲ, ಭಕ್ತಿ ಹೆಚ್ಚಾಯಿತು. ಡಾಕ್ಟರ ಚೀಟಿಯನ್ನೇ ತಿದ್ದುವಷ್ಟು ಶಕ್ತಿ ಇದೆ ಅಂದ ಮೇಲೆ ಸಾಮಾನ್ಯವೇ? ಔಷಧಿ ನುಂಗುವವರು ಕೇಳಿಕೊಂಡು ತಿನ್ನಬೇಕು, ಅಷ್ಟೆ. ಯಜಮಾನರು ಮುಖ ಊದಿಸಿಕೊಂಡು ಬಾಳೆಹಣ್ಣು ತಿನ್ನುತ್ತಿದ್ದಾರೆ.

ಅವಳು ಕರೆದುಕೊಂಡು ಹೋಗಿದ್ದು ಒಳ್ಳೆಯದೇ ಆಯಿತು. ಅದನ್ನು ಅವಳಿಗೆ ಹೇಳುವ ಅಗತ್ಯವಿಲ್ಲ.

ಫೆಬ್ರವರಿ 6, ಗುರುವಾರ

ಮೆಸ್ಸಿನ ಬಾಗಿಲು ಹಾಕಿ ಬಂದು ಬರೆಯುತ್ತಿದ್ದೇನೆ.

ಸಾರು ಇಳಿಸಿ, ಎಡೆಗೆ ಬಾಳೆಲೆ ತರಲು ಹಿತ್ತಲಿಗೆ ಹೋದೆ. ಚಾಕು ಮರೆತು ತಿರುಗಿ ಬಂದರೆ ನನ್ನ ಒಲೆಯ ಮುಂದೆ ಪಾವಗಡದವಳು! ಸೌಟಿನಿಂದ ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕಿದಳು. ಡಬ್ಬಿಯಿಂದ ಉಪ್ಪು ತೆಗೆದು ಹಾಕಿದಳು. ಎಡೆ ಇಡುವ ಮೊದಲು!

"ಏನೇ ಮಾಡ್ತಾ ಇದೀಯ?" ಅಂದೆ. ಅವಳ ಕೈಯಿಂದ ಸೌಟು ಬಿತ್ತು.

"ಉಪ್ಪು ಮರ್ತಿದ್ರಿ ಅತ್ತಮ್ಮ."

"ಎಷ್ಟು ದಿನದಿಂದ ನಡೀತಿದೆ ಇದು?"

"ಸಂಕ್ರಾಂತಿಯಿಂದ. ಅವತ್ತು ಹಾಲು ಸೀದು ಮನೆಯೆಲ್ಲಾ ವಾಸ್ನೆ, ನೀವು ಅಲ್ಲೇ ನಿಂತಿದ್ರಿ, ನಿಮಗೆ ಗೊತ್ತೇ ಆಗ್ಲಿಲ್ಲ. ಅವಾಗ್ಲೇ ತಿಳೀತು. ನಿಮ್ಮ ಮಗನಿಗೂ ಹೇಳಿಲ್ಲ. ನಿಮ್ಮ ಹೆಸರು ಕೆಡಬಾರ್ದು, ಕದಾ?"

ಹೇಳಿಲ್ಲವಂತೆ! ಹೇಳದಿದ್ದರೆ ಎಂಜಲು ಮಡಿಯಾಗುತ್ತದೆಯೇ? ಅಂದರೆ ಚಂದ್ರಶೇಖರಯ್ಯನವರು ಹೊಗಳಿದ್ದು ನನ್ನ ಕೈಯಳತೆಯನ್ನಲ್ಲ. ದೇವರಿಗೆ ಇಷ್ಟು ದಿನ ಎಂಜಲು ತೋರಿಸಿದ್ದೇನೆ. ಇನ್ನು ಒಳಗೆ ಕಾಲಿಟ್ಟರೆ ನೋಡು ಅಂದೆ. ತಲೆ ತಗ್ಗಿಸಿಕೊಂಡು ಕೌಂಟರಿಗೆ ಹೋದಳು.

ಪೂರ್ತಿ ಸಾರನ್ನು ಚರಂಡಿಗೆ ಸುರಿದು ಬೇರೆ ಮಾಡಿದೆ.

ಫೆಬ್ರವರಿ 8, ಶನಿವಾರ

ಹುರುಳಿಕಾಳಿನ ಸಾರು ತಳ ಹಿಡಿದು ಸೀದಿತ್ತು. ಅದನ್ನೇ ಎಡೆ ಇಟ್ಟೆ, ಅದನ್ನೇ ಬಡಿಸಿದೆ. ನನಗೆ ಗೊತ್ತಾಗಲೇ ಇಲ್ಲ. ಜನ ಒಬ್ಬೊಬ್ಬರೇ ಎದ್ದುಹೋದರು. ಚಂದ್ರಶೇಖರಯ್ಯ ಅರ್ಧ ಮುದ್ದೆ ಬಿಟ್ಟು, "ಹುಷಾರಿಲ್ವಾ ಕರಿಬಸಮ್ಮೋರೇ? ಒಸಿ ರೆಸ್ಟ್ ತಗಳಿ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಯಜಮಾನರು ಬಂದು ಪಾತ್ರೆಯ ಮುಚ್ಚಳ ತೆಗೆದರು. ಮೂಗು ಮುಚ್ಚಿಕೊಂಡರು. "ಲೇ, ಇದು ನಿಂಗೆ ವಾಸ್ನೆ ಬರ್ಲಿಲ್ವೇನೆ?" ಅಂದರು.

ರಾಗಿ ಮೂಟೆಯ ಮೇಲೆ ಕೂತು ಅತ್ತುಬಿಟ್ಟೆ. ಎಲ್ಲ ಹೇಳಿದೆ. ಕೊಳಾಲದ ಊಟವನ್ನು ಒಪ್ಪಿಕೊಂಡಿರುವುದನ್ನೂ ನೆನಪಿಸಿದೆ. ಅವರು ಪಕ್ಕದಲ್ಲಿ ಕೂತರು. "ಆ ಮಗೀನ ಕರ್ಯಾಣ ಕಣೇ" ಅಂದರು. ಬೇಡ ಅಂದೆ.

ಫೆಬ್ರವರಿ 10, ಸೋಮವಾರ

ಯಜಮಾನರು ನನ್ನ ಮಾತು ಯಾವತ್ತು ಕೇಳಿದ್ದಾರೆ? ಅವಳನ್ನು ಹೊಸ್ತಿಲ ಹತ್ತಿರ ತಂದು ನಿಲ್ಲಿಸಿದರು. ಅವಳು ಒಳಗೆ ಬರಲಿಲ್ಲ, ಅಲ್ಲಿಂದಲೇ ಮಾತಾಡಿದಳು.

"ಅತ್ತಮ್ಮ, ನಾನು ಮಾಡಿದ್ದು ತಪ್ಪೇ. ಒಂದು ಮಾತು ಹೇಳ್ಲಾ? ಎಡೆಗೆ ಮೊದ್ಲೇ ಒಂದು ಬಟ್ಟಲಲ್ಲಿ ಎತ್ತಿಟ್ಬಿಡಿ. ಎಡೆ ಇಟ್ಟು ಕೈ ಮುಗೀರಿ. ಆಮೇಲೆ ಪಾತ್ರೇಲಿ ಇರೋದು ಪ್ರಸಾದ, ಕದಾ? ಪ್ರಸಾದ ತಿಂದ್ರೆ ಎಂಜಲು ಹೆಂಗಾಗುತ್ತೆ? ಆಮೇಲೆ ಬಡಿಸೋ ಮುಂಚೆ ಉಪ್ಪು ಸರಿ ಮಾಡ್ಕೊಳ್ಳೋಣ."

"ಅಲ್ಲಿಗೆ ದೇವರಿಗೆ ಮಾತ್ರ ಉಪ್ಪಿಲ್ಲದ್ದು?"

"ಪಾಪ, ಅವನು ಯಾವತ್ತಾದ್ರೂ ಕೇಳಿದಾನಾ ಅತ್ತಮ್ಮ?"

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ಬಂತು, ಒಲೆಯ ಕಡೆ ತಿರುಗಿಕೊಂಡೆ. ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನಮ್ಮತ್ತೆ ಇದ್ದಿದ್ದರೂ ಹುಡುಕುತ್ತಲೇ ಇರುತ್ತಿದ್ದರು.

ಕಾಲು ತೊಳೆದುಕೊಂಡು ಬಾ ಅಂದೆ.

ಫೆಬ್ರವರಿ 18, ಮಂಗಳವಾರ

ಎಂಟು ದಿನದಿಂದ ಬರೆಯಲು ಪುರುಸೊತ್ತಿಲ್ಲ. ಬಸವಲಿಂಗಯ್ಯ ಇನ್ನೊಂದು ಚೀಲ ಕಳಿಸಿದ್ದಾನೆ, ಮಧ್ಯಾಹ್ನ ಮೆಸ್ಸು ಮುಗಿದ ಮೇಲೆ ನಮ್ಮದು ಇದೇ ಕೆಲಸ. ಕೌಂಟರಿಗೆ ಯಜಮಾನರು. ದುಡ್ಡು ಬಂತು ಅಂತ ಫೋನಿನ ಡಬ್ಬಿ ಕೂಗಿದಾಗಲೆಲ್ಲ "ಕೇಳಿಸ್ತು ಸುಮ್ಕಿರು" ಅಂತ ಅದಕ್ಕೆ ಗದರುತ್ತಾರೆ.

ಹಣ್ಣಿನ ಗುಣ ಒಂದೊಂದೇ ತಿಳಿಯುತ್ತಿದೆ. ರಸವನ್ನು ಒಲೆಯ ಮೇಲೆ ಕುದಿಸಬಾರದು, ಮುನಿಸಿಕೊಂಡು ಕಹಿಯಾಗುತ್ತದೆ. ನಿಂಬೆಹಣ್ಣಿನ ಚಿತ್ರಾನ್ನಕ್ಕೆ ಮಾಡುವಂತೆ ಒಗ್ಗರಣೆ ಇಳಿಸಿ, ಆರಿದ ಮೇಲೆ ಹಿಂಡಬೇಕು. ತೊಳೆಯ ಮೇಲಿನ ಬಿಳಿ ಪೊರೆ ಪೂರ್ತಿ ಬಿಡಿಸಬೇಕು, ಕಹಿಯೆಲ್ಲ ಅದರಲ್ಲೇ. ಹೆಸರುಬೇಳೆ ಕೋಸಂಬರಿಗೆ ಸೌತೆಕಾಯಿ ಬದಲು ಇದನ್ನು ಬಿಡಿಸಿ ಹಾಕಿದೆವು, ಬಟ್ಟಲಲ್ಲಿ ಮಾಣಿಕ್ಯ ಚೆಲ್ಲಿದ ಹಾಗಿತ್ತು. ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಬೇಯಿಸಿ, ನೀರು ಚೆಲ್ಲಿ, ಮತ್ತೆ ಬೇಯಿಸಿ, ಬೆಲ್ಲದ ಪಾಕಕ್ಕೆ ಹಾಕಿದರೆ ಗಾಜಿನಂಥ ಮಿಠಾಯಿ. ಎಸೆಯುವುದು ಪೊರೆ, ಬೀಜ ಎರಡನ್ನೇ. ಇಂಥ ಮನೆವಾರ್ತೆಯ ಹಣ್ಣನ್ನು ನಾನು ನೋಡಿಯೇ ಇಲ್ಲ.

ಎಡೆ ಇಟ್ಟು ರುಚಿ ನೋಡಿದರೆ ಗೊಜ್ಜು ಮಾತ್ರ ಸತಾಯಿಸಿತು. ಹುಣಿಸೆ, ಬೆಲ್ಲ, ಹುರಿದ ಎಳ್ಳು, ಒಣಮೆಣಸಿನಕಾಯಿ ಎಲ್ಲ ಸರಿ. ಆದರೂ ಕಹಿ ಮುಂದೆ ಬಂದು ನಿಲ್ಲುತ್ತದೆ. ಬೆಲ್ಲ ಹಾಕಿದಷ್ಟೂ ಕಹಿ ಹಠ ಮಾಡಿತು. ಪಾವಗಡದವಳು, ರಕ್ಷಾ, ಸುಮ್ಮನೆ ಒಂದು ತೊಳೆಗೆ ಉಪ್ಪು ಖಾರದಪುಡಿ ಸವರಿ ಬಾಯಿಗೆ ಹಾಕಿಕೊಂಡಳು. ಸ್ಕೂಲಿಗೆ ಹೋಗುವಾಗ ಮಾವಿನಕಾಯಿ ಹೀಗೇ ತಿನ್ನುತ್ತಿದ್ದರಂತೆ.

"ಅತ್ತಮ್ಮ, ಕಹಿಗೆ ಬೆಲ್ಲ ಅಲ್ಲ, ಉಪ್ಪು ಬೇಕು. ಇನ್ನೊಂಚೂರು ಹಾಕಿ. ಇನ್ನೊಂಚೂರು. ಚಾಲು, ಚಾಲು!"

ಚಾಲು ಅಂದರೆ ಸಾಕು ಅಂತ. ತಿಂದು ನೋಡಿದೆ. ಕಹಿ ಹಿಂದೆ ಸರಿದು ಗೋಡೆಗೆ ಒರಗಿ ನಿಂತಿದೆ, ಸಿಹಿ ಹುಳಿ ಮುಂದೆ. ಉಪ್ಪಿಗಿಂತ ರುಚಿಯಿಲ್ಲ ಅಂತ ಸುಮ್ಮನೆ ಹೇಳಲಿಲ್ಲ ಹಿರಿಯರು. ನಾನು ಹೊಗಳಲಿಲ್ಲ. ನಾಳೆಯ ಸಾರಿಗೂ ನೀನೇ ಉಪ್ಪು ನೋಡು ಅಂದೆ ಅಷ್ಟೆ.

ಐದೂ ಇಲ್ಲ. ನೀಲಗಿರಿ ಎಣ್ಣೆ ಮುಗಿದಿದೆ, ತರಬೇಕು.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಉಪವಾಸಕ್ಕೆ ಈ ಹಣ್ಣೇ. ರಕ್ಷಾ ತಾನೂ ಉಪವಾಸ ಇದ್ದಳು, ಯಾರೂ ಹೇಳಿರಲಿಲ್ಲ. ಸಂಜೆ ಸುಸ್ತಾಗಿ ಕಂಬಕ್ಕೆ ಒರಗಿದ್ದವಳಿಗೆ ಎರಡು ತೊಳೆ ಬಿಡಿಸಿ ಕೊಟ್ಟೆ. ಪರಮೇಶ ಡ್ಯೂಟಿ ಮುಗಿಸಿ ಬಂದು ನೋಡಿದವನು ಬಾಗಿಲಲ್ಲೇ ನಿಂತುಬಿಟ್ಟ. "ಏನ್ಲಾ, ಬಸ್ಸು ತಪ್ಪಿಹೋಯ್ತಾ?" ಅಂದೆ. ಏನೂ ಇಲ್ಲಮ್ಮ ಅಂತ ನಗುತ್ತಾ ಒಳಗೆ ಹೋದ. ಅವನಿಗೆ ಏನಾಗಿದೆಯೋ.

ಡಾಕ್ಟರು ಫೋನಿನಲ್ಲಿ ಇನ್ನೂ ಕಾಯಿರಿ ಅಂದರು.

ಮಾರ್ಚ್ 5, ಬುಧವಾರ

ಹೆದರಿಕೆಯಾಗುತ್ತಿದೆ. ಮನೆಯ ಒಲೆ ಬೇರೆ, ತೋಟದ ಒಲೆ ಬೇರೆ. ಸೌದೆಯ ಹೊಗೆಯಲ್ಲಿ ಸೀದದ್ದೂ ತಿಳಿಯದು, ಹದವಾದದ್ದೂ ತಿಳಿಯದು. ಬಸವಲಿಂಗಯ್ಯನಿಗೆ ಇನ್ನೂ ನಿಜ ಹೇಳಿಲ್ಲ. ಅವನ ಗಿಡಗಳು ನನ್ನ ಮೂಗನ್ನು ನಂಬಿ ನಿಂತಿವೆ.

ಮಾರ್ಚ್ 9, ಭಾನುವಾರ

ಈಗ ತಾನೇ ಕೊಳಾಲದಿಂದ ಬಂದೆವು. ಮೈಯೆಲ್ಲ ಹೊಗೆ ಅಂತ ರಕ್ಷಾ ಹೇಳುತ್ತಿದ್ದಾಳೆ. ಮರೆಯುವ ಮುಂಚೆ ಬರೆದುಬಿಡುತ್ತೇನೆ.

ಗಿಡಗಳನ್ನು ಇವತ್ತೇ ನಾನು ಕಣ್ಣಾರೆ ನೋಡಿದ್ದು. ಬಸವಲಿಂಗಯ್ಯ ಹೇಳಿದ್ದು ಏನೇನೂ ಅಲ್ಲ. ಕಪ್ಪು ಹಸಿರು ಎಲೆ, ನೆಲ ಮುಟ್ಟುವ ಕೊಂಬೆ, ಗೊಂಚಲಿಗೆ ಐದು ಆರು ಹಣ್ಣು. ಒಂದೇ ಕೊಂಬೆಯಲ್ಲಿ ಹಣ್ಣೂ ಹೂವೂ. ಇದನ್ನು ಕಿತ್ತು ಹಾಕುವುದೇ ಅಂತ ಸಂಕಟವಾಯಿತು.

ಹನ್ನೊಂದರ ಹೊತ್ತಿಗೆ ಅಡುಗೆ ಮುಗಿಯಿತು. ಚಿತ್ರಾನ್ನ, ಕೋಸಂಬರಿ, ಗೊಜ್ಜು, ತಿಳಿಸಾರು, ಸಿಪ್ಪೆಯ ಮಿಠಾಯಿ, ಪಾನಕ. ಬಸವಣ್ಣನ ಎಡೆಗೆ ಎತ್ತಿಟ್ಟೆ. ಪೂಜೆಗೆ ಬರಬೇಕಾದ ಅಯ್ನೋರು ಮಾತ್ರ ಪತ್ತೆಯಿಲ್ಲ. ಫೋನು ಮಾಡಿದರೆ ಹುಲಿಕುಂಟೆ ಕಡೆ ಗೃಹಪ್ರವೇಶದಲ್ಲಿದ್ದಾರೆ, ಇನ್ನೂ ಎರಡು ಗಂಟೆ ಆಗುತ್ತದಂತೆ. ಅಷ್ಟರಲ್ಲಿ ರಂಗರಾಜು ಅವರ ಕಾರು ಬಂದೇಬಿಟ್ಟಿತು. ಬಂದವರೇ ಗಡಿಯಾರ ನೋಡಿಕೊಂಡರು, ಬೇಗ ಹೊರಡಬೇಕಂತೆ.

ಎಡೆಯಾಗದೆ ರುಚಿ ನೋಡುವ ಹಾಗಿಲ್ಲ. ನೋಡದೆ ಬಡಿಸಿದರೆ ಹುರುಳಿಕಾಳಿನ ಸಾರಿನ ಕಥೆಯೇ. ಕಾಯುತ್ತ ಕೂತರೆ ಹಿಂಡಿದ ರಸ ಕಹಿಯೇರುತ್ತದೆ. ರಕ್ಷಾ ಸೌಟು ಹಿಡಿದು ನನ್ನ ಮುಖ ನೋಡುತ್ತ ನಿಂತಿದ್ದಳು. ಅವಳು ಮುಟ್ಟಲಿಲ್ಲ. ಆ ದಿನ ಬೈದದ್ದು ನೆನಪಿತ್ತೋ ಏನೋ, ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಆಗ ಹೊಳೆಯಿತು. ಕೊರಳಲ್ಲೇ ಲಿಂಗ ಇರುವಾಗ ಅಯ್ನೋರಿಗೆ ಯಾಕೆ ಕಾಯಬೇಕು? ತೋಟದ ಬಸವಣ್ಣನಿಗೆ ಅವರು ಬಂದಾಗ ಆಗಲಿ. ನನ್ನ ಲಿಂಗ ನನ್ನ ಎದೆಯ ಮೇಲೇ ಇದೆ. ಮರದ ಕೆಳಗೆ ಕೂತು ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ಒಂದೊಂದು ಅಡುಗೆಯನ್ನೂ ತೋರಿಸಿದೆ. ಕಣ್ಣಿಗೊತ್ತಿಕೊಂಡೆ. ಮೊದಲ ತುತ್ತು ನಾನು ತಿನ್ನಬೇಕು. ತಿನ್ನಲಿಲ್ಲ. ರಕ್ಷಾಳ ಅಂಗೈ ಬಿಡಿಸಿ ಗೊಜ್ಜು ಹಾಕಿದೆ.

"ನೋಡಮ್ಮ, ಹೆಂಗಿದೆ?"

ಕಣ್ಣು ಮುಚ್ಚಿ ತಿಂದಳು. "ಉಪ್ಪು ಚಾಲದು ಅತ್ತಮ್ಮ. ಒಂದು ಹಿಡಿ ಬೇಕು."

ಒಂದು ಹಿಡಿ! ನಾನು ಚಿಟಿಕೆ ಅಂದುಕೊಂಡಿದ್ದೆ. ತಿಳಿಸಾರಿಗೆ ಇಂಗು ಬಿದ್ದೇ ಇರಲಿಲ್ಲವಂತೆ. ಎರಡನ್ನೂ ಸರಿ ಮಾಡಿ ಎಲೆ ಹಾಕಿದೆವು.

ರಂಗರಾಜು ಅವರು ಮೊದಲು ಗೊಜ್ಜನ್ನು ಬೆರಳ ತುದಿಯಿಂದ ಮುಟ್ಟಿದರು. "ಏನಮ್ಮ, ಈ ಸಲ ಯುಗಾದಿ ಮುಂಚೇನೇ ಬಂದ್ಬುಡ್ತಾ?" ಅಂತ ನಕ್ಕರು. ಆಮೇಲೆ ಮೂರು ಸಲ ಗೊಜ್ಜು ಹಾಕಿ ಅಂದರು. ಕೈ ತೊಳೆದು, "ಗೊಜ್ಜು, ಸಿಪ್ಪೆ ಮಿಠಾಯಿ, ಪಾನಕ, ಮೂರೂ ನಮ್ಮ ಹೋಟೆಲಿಗೆ ಬೇಕು. ಹಣ್ಣು ನಂಗೇ ಕೊಡು ಬಸವಲಿಂಗಯ್ಯ" ಅಂದರು. ಬಸವಲಿಂಗಯ್ಯ ಗಂಡಸು ಅನ್ನುವುದನ್ನೂ ಮರೆತು ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ.

"ನಾನೇಳ್ಲಿಲ್ವಾ, ನಮ್ಮತ್ತಿಗೆ ಮೂಗು ಅಂದ್ರೆ ಮೂಗು!" ಅಂದ ಎಲ್ಲರ ಎದುರಿಗೆ.

"ಮೂಗು ಹೋಗಿ ಮೂರು ತಿಂಗಳಾಯ್ತು ಕಣಪ್ಪ" ಅಂದೆ. "ರುಚಿ ನೋಡಿದ್ದು ಇವಳು, ನನ್ನ ಸೊಸೆ ರಕ್ಷಾ." ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅದರಲ್ಲೇನಿದೆ. ಅವಳು ಯಾಕೆ ಎಲೆ ಎತ್ತುವ ನೆಪದಲ್ಲಿ ಆ ಕಡೆ ಹೋಗಿ ಅತ್ತಳೋ ಗೊತ್ತಿಲ್ಲ.

ಐದನ್ನೂ ಮೂಸಲು ಇವತ್ತು ಮರೆತೇಹೋಯಿತು.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ರಕ್ಷಾ ಬಾಗಿಲಲ್ಲಿ ಕೂತು ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದಳು. ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಮಳೆ ಬಂದು ನಿಂತ ಮೇಲೆ ಹಿತ್ತಲ ಚಕ್ಕೋತ ಹೂ ಬಿಟ್ಟಾಗ ಬರುವಂಥದ್ದೇನೋ ಒಂದು ಎಳೆಯಾಗಿ ಮೂಗಿಗೆ ಬಂತು. ಉರಿಯಲ್ಲ. ವಾಸನೆ. ಕೈ ನಿಂತಿತು. ಉಸಿರು ಬಿಡಲೂ ಹೆದರಿಕೆ, ಹೋಗಿಬಿಟ್ಟರೆ ಅಂತ. ಹೋಗಲಿಲ್ಲ. ಹಿಂದೆಯೇ ಒಲೆಯ ಮೇಲಿನ ಸೊಪ್ಪಿನ ಸಾರಿನ ಹಬೆ ಬಂತು. ಬೆಳ್ಳುಳ್ಳಿ ಬಂತು. ಸಾರಿಗೆ ಉಪ್ಪು ಕಡಿಮೆ ಅಂತಲೂ ತಿಳಿಯಿತು.

ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದೆ. ಚಕ್ಕೋತದ ಮರ ತಬ್ಬಿಕೊಂಡು ಅತ್ತೆ. ನಮ್ಮತ್ತೆಯನ್ನು ನೆನೆದೆ. ಕೂಗಿ ಎಲ್ಲರನ್ನೂ ಕರೆಯಬೇಕು ಅನ್ನಿಸಿತು.

ಒಳಗೆ ಬಂದಾಗ ಎಡೆಗೆ ಎತ್ತಿಟ್ಟ ಬಟ್ಟಲು ಗೂಡಿನ ಮುಂದಿತ್ತು. ಪರಮೇಶ ಒಲೆಯ ಹತ್ತಿರ ರಕ್ಷಾಳಿಗೆ, "ಅಮ್ಮನ ಮೂಗು ಸರಿಹೋದ್ರೆ ನೀನು ಕೌಂಟರಿಗೆ ವಾಪಸ್ಸಾ?" ಅನ್ನುತ್ತಿದ್ದ. "ಮತ್ತೆ? ಅವರ ಒಲೆ ಅವರಿಗೇ ಕದಾ. ಕಲಿಯೋಷ್ಟು ಕಲಿತೆ, ಚಾಲು" ಅಂದಳು. ಮಾತು ನಗುತ್ತಲೇ ಇತ್ತು. ಸೌಟು ಮಾತ್ರ ಸಾರಿನಲ್ಲಿ ಸುಮ್ಮನೆ ಸುತ್ತುತ್ತಿತ್ತು.

ನಾನು ಹೋಗಿ ಎಡೆಗೆ ಕೈಮುಗಿದೆ. ತಿರುಗಿ, "ಉಪ್ಪು ನೋಡಮ್ಮ" ಅಂದೆ.

ಅಂಗೈಗೆ ಬಿಟ್ಟುಕೊಂಡು ನೋಡಿದಳು. "ಒಂಚೂರು ಕಮ್ಮಿ ಅತ್ತಮ್ಮ."

ನನ್ನ ಮೂಗು ಹೇಳಿದ್ದೂ ಅದನ್ನೇ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಉಪ್ಪಿನ ಡಬ್ಬಿ ಅವಳ ಕೈಗೇ ಕೊಟ್ಟೆ.

ಸಂಜೆ ಯಜಮಾನರು, "ಹೆಂಗೈತೆ ನಿನ್ ಮೂಗು? ಏನಾದ್ರೂ ಗೊತ್ತಾಯ್ತಾ?" ಅಂದರು. ಇನ್ನೂ ಇಲ್ಲ ಕಣ್ರೀ ಅಂದೆ. ಒಂದು ದಿನ ಬಂದ ಮಾತ್ರಕ್ಕೆ ಮೂಗನ್ನು ನಂಬಿಬಿಡಲು ಆಗುತ್ತದೆಯೇ. ಯುಗಾದಿ ಕಳೆಯಲಿ, ಬಸವಲಿಂಗಯ್ಯನ ಹಣ್ಣಿನ ಕೆಲಸ ಮುಗಿಯಲಿ. ಅವಸರ ಏನಿದೆ? ಸ್ವಲ್ಪ ದಿನ ನೋಡೋಣ, ಕದಾ.